ನೊಣಗಳ ಬಾಟಲಿ ತೊಳೆದ ಮೇಲೆ

ಕಾಪು
೧೪ ಅಕ್ಟೋಬರ್ ೨೦೦೭

ಪ್ರೀತಿಯ ಅಣ್ಣಾ,

ಹೇಗಿದ್ದೀ? ಬಲೆ ಎಳೆಯುವ ವಿಂಚಿನ ಹಗ್ಗ ಬಡಿದ ಭುಜದ ನೋವು ಇಳಿಯಿತೇ? ರತ್ನಗಿರಿಯಲ್ಲಿ ಡಾಕ್ಟರಿಗೆ ತೋರಿಸದೆ, ಎಣ್ಣೆ ತಿಕ್ಕಿಕೊಂಡು ಮತ್ತೆ ಬೋಟು ಹತ್ತಿರುತ್ತೀ, ನನಗೆ ಗೊತ್ತು. ಅಪ್ಪ ಅಮ್ಮ ಚೆನ್ನಾಗಿದ್ದಾರೆ. ಈಗ ಬಂಗುಡೆ ಮೀನು ಧಾರಾಳ. ಅಮ್ಮನ ಬುಟ್ಟಿ ಮಧ್ಯಾಹ್ನದೊಳಗೆ ಖಾಲಿ.

ನನ್ನ ಪಿಎಚ್‌ಡಿ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದ್ದೀ. ಮನೆಯಲ್ಲಿ ಅದನ್ನು ಕೇಳುವವನು ನೀನೊಬ್ಬನೇ. "ಮೀನಿನ ಮೇಲಿನ ನೊಣ ಓಡಿಸಿ ನಿನ್ನಮ್ಮನ ಕೈ ಸೋತಿತು, ನೀನು ಅದನ್ನೇ ಬಾಟಲಿಯಲ್ಲಿ ಸಾಕುವುದೆಂತ ಮಾರಾಯ್ತಿ?" ಎಂದು ಅಪ್ಪ ಈಗಲೂ ನಗುತ್ತಾರೆ. ನಾನು ಸಾಕಿದ್ದು ಹಣ್ಣಿನ ನೊಣ, ಅದು ಬೇರೆ ಎಂದು ಹೇಳಿ ಹೇಳಿ ಬಿಟ್ಟೆ. ನಿನಗಾದರೂ ಸರಿಯಾಗಿ ಹೇಳುತ್ತೇನೆ. ಯಾವ ಜೀನ್ ಯಾವಾಗ ಕೆಲಸ ಮಾಡಬೇಕೆಂದು ನೋಡಿಕೊಳ್ಳುವ ಒಂದು ಪ್ರೋಟೀನ್ ನಮ್ಮ ಮೈಯಲ್ಲೂ ಉಂಟು, ಆ ನೊಣದ ಮೈಯಲ್ಲೂ ಉಂಟು. ಮೊದಲು ಅದು ಒಂದೇ ಉದ್ದನೆಯ ಎಳೆಯಾಗಿ ತಯಾರಾಗುತ್ತದೆ, ಆಮೇಲೆ ತುಂಡಾಗುತ್ತದೆ. ಮನುಷ್ಯರಲ್ಲಿ ಅದು ತುಂಡಾಗುವ ಜಾಗಕ್ಕೆ ಒಂದು ಗುರುತಿದೆ. ನೊಣದ ಪ್ರೋಟೀನಿನಲ್ಲಿ ಆ ಗುರುತೇ ಇಲ್ಲ, ಆದರೂ ತುಂಡಾಗುತ್ತದೆ. ಹಾಗಾದರೆ ಕತ್ತರಿಸುವುದು ಯಾವುದು? ನನಗೆ ಒಂದು ಕಿಣ್ವದ ಮೇಲೆ ಸಂಶಯವಿತ್ತು. ನೊಣದ ಜೀವಕೋಶಗಳಲ್ಲಿ ಅದನ್ನು ಇಲ್ಲವಾಗಿಸಿ ನೋಡಿದೆ. ಪ್ರೋಟೀನಿನ ತುಂಡುಗಳು ಗೆರೆಗಳಾಗಿ ಮೂಡುವ ಎಕ್ಸ್‌-ರೇ ಫಿಲ್ಮಿನ ಮೇಲೆ ಎರಡು ಗೆರೆ ಬೀಳಬೇಕಾದಲ್ಲಿ ಒಂದೇ ಕಪ್ಪು ಗೆರೆ. ಪ್ರೋಟೀನ್ ಇಡಿಯಾಗಿ ಉಳಿದಿತ್ತು! ಡಾರ್ಕ್‌ರೂಮಿನಲ್ಲಿ ಡುಲ್ಸಿನ್ ನನ್ನನ್ನು ತಬ್ಬಿಕೊಂಡಳು. ಅವಳೇ, ನನ್ನ ಪಕ್ಕದ ಮೇಜಿನವಳು, ಶಂಕರಪುರದಿಂದ ನನಗೆ ಮಲ್ಲಿಗೆ ತರುತ್ತಿದ್ದವಳು.

ನಮ್ಮ ಗೈಡ್ ಬೆಂಜಮಿನ್ ಸರ್ ಫಿಲ್ಮನ್ನು ಬೆಳಕಿಗೆ ಹಿಡಿದು, "ಮನುಷ್ಯರಲ್ಲೂ ನೊಣದಲ್ಲೂ ಪ್ರೋಟೀನ್ ಒಂದೇ ಅಂದ ಮೇಲೆ ಅದು ತುಂಡಾಗುವ ಕ್ರಮವೂ ಒಂದೇ ಅಲ್ವಾ? ನಿನ್ನ ಕೈಯಲ್ಲಿ ಎಂತದೋ ತಪ್ಪಾಗಿದೆ" ಎಂದರು. ಮತ್ತೆ ಮಾಡಿದೆ. ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಬರುವವರೆಗೂ ಮಾಡುತ್ತಲೇ ಇದ್ದೆ. ಪ್ರತಿ ಸಲವೂ ಅದೇ ಗೆರೆ, ಅವರದ್ದೂ ಅದೇ ಮಾತು. ಕೊನೆಗೆ, "ಸಾಕು, ಬಾಟಲಿಗಳನ್ನು ತೊಳೆದಿಡು" ಎಂದರು. ನೊಣಗಳನ್ನೆಲ್ಲ ಸೋಪಿನ ನೀರಿಗೆ ಸುರಿದು ತೊಳೆದಿಟ್ಟೆ.

ಈಚೆಗೆ ಹೊರದೇಶದ ಲ್ಯಾಬೊಂದು ಅದನ್ನೇ ಪ್ರಕಟಿಸಿತು. ಅದೇ ಪ್ರೋಟೀನ್, ಅದೇ ಕಿಣ್ವ. ಆ ವಾರದ ಸೆಮಿನಾರಿನಲ್ಲಿ ಸರ್ ಆ ಲ್ಯಾಬಿನ ಚಿತ್ರವನ್ನು ಪರದೆಯ ಮೇಲೆ ಹಾಕಿ, "ನಮ್ಮ ಲ್ಯಾಬಿಗೆ ಈ ಅಂದಾಜು ಮೊದಲೇ ಇತ್ತು" ಎಂದರು. ನಾನು ಎದ್ದು ನಿಂತೆ. "ಅಂದಾಜಲ್ಲ ಸರ್, ಫಿಲ್ಮೇ ಇತ್ತು. ತಪ್ಪು ಅಂದವರು ನೀವು" ಎಂದೆ. "ಕುಳಿತುಕೊಳ್ಳಮ್ಮ, ವಿಜ್ಞಾನದಲ್ಲಿ ಇಷ್ಟು ಭಾವುಕತೆ ಒಳ್ಳೆಯದಲ್ಲ" ಎಂದು ಅವರು ನಕ್ಕರು, ಸಭೆಯೂ ನಕ್ಕಿತು. ಡುಲ್ಸಿನ್ ತಲೆ ಎತ್ತಲಿಲ್ಲ. ಆಮೇಲೆ ಮೆಟ್ಟಿಲ ಬಳಿ ಸಿಕ್ಕಿ, "ನೀನು ಹೇಳಿದ್ದು ಸರಿ ಉಂಟು ತೃಪ್ತಿ. ಆದರೆ ನನ್ನ ಥೀಸಿಸ್‌ಗೂ ಅವರೇ ಸಹಿ ಹಾಕಬೇಕಲ್ವಾ?" ಎಂದಳು. ಅವಳ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕೆಂದುಕೊಂಡಿದ್ದೆ. ಸಿಟ್ಟು ಇದೆ ಅಣ್ಣಾ. ಅವರಿಗಿಂತ ಅವಳ ಮೇಲೆಯೇ ಹೆಚ್ಚು.

ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಗಾಳಿ ಜೋರಿದ್ದ ದಿನ ಕಡಲಿಗೆ ಇಳಿಯಬೇಡ.

ನಿನ್ನ ತಂಗಿ,
ತೃಪ್ತಿ

ಇನ್ನೊಂದು ಮಾತು, ಅಮ್ಮ ಬರುವುದರೊಳಗೆ ಬರೆಯುತ್ತೇನೆ. ಸೆಮಿನಾರಿನ ಮರುದಿನವೇ ಲ್ಯಾಬ್ ಬಿಟ್ಟೆ. ಮನೆಯಲ್ಲಿ ಗೊತ್ತಿಲ್ಲ. ಬೆಳಿಗ್ಗೆ ಅಮ್ಮ ಕಟ್ಟಿಕೊಟ್ಟ ಬುತ್ತಿ ಹಿಡಿದು ಮಣಿಪಾಲದ ಲ್ಯಾಬಿಗೆಂದು ಹೊರಡುತ್ತೇನೆ, ಕಾರ್ಕಳದ ಬಸ್ಸು ಹತ್ತುತ್ತೇನೆ. ಅಲ್ಲಿ ಒಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನಿನ್ನೆ ಅಪ್ಪ ಬಂದರಿನಲ್ಲಿ ಎಲ್ಲರಿಗೂ "ಬರುವ ವರ್ಷ ನನ್ನ ಮಗಳು ಡಾಕ್ಟರೇಟ್" ಎಂದು ಚಹಾ ಕುಡಿಸಿದರಂತೆ. ನನ್ನಿಂದ ಹೇಳಲು ಆಗುತ್ತಿಲ್ಲ. ದಡಕ್ಕೆ ಬಂದ ಕೂಡಲೇ ಫೋನ್ ಮಾಡಿ ನೀನೇ ಅಪ್ಪನಿಗೆ ಹೇಳು.