ತುಳಿದ ನಾವೆ

ಸೋಮವಾರ, ಜೂನ್ 9

ಎಂಟೂವರೆಗೆ ಪಾಠ ಶುರು. ಊಟದ ಮೇಜೇ ನಮ್ಮ ಶಾಲೆ. ಬೋರ್ಡಿನ ಮೇಲೆ ಈ ವಾರದ ಗುಣ ಬರೆದೆ — ಕ್ಷಮೆ. ಕಳೆದ ವಾರ ಸತ್ಯ. ಬೈಬಲ್ ಪಾಠ ಮುಗಿಸಿ, ಕೈ ತೊಳೆದು ಬರುವಷ್ಟರಲ್ಲಿ ದೊಡ್ಡವಳು ತಂಗಿಯ ನೋಹನ ನಾವೆಯನ್ನು ತುಳಿದು ಚಪ್ಪಟೆ ಮಾಡಿದ್ದಳು. ಚಿಕ್ಕವಳು ರಜೆಯೆಲ್ಲ ಕೂತು ರಟ್ಟು ಕತ್ತರಿಸಿ, ಒಳಗೆ ಜೋಡಿ ಜೋಡಿ ಪ್ರಾಣಿಗಳನ್ನೂ ಇಟ್ಟು ಅಂಟಿಸಿದ್ದು. ಯಾಕೇ ಅಂತ ಕೇಳಿದರೆ, "ಎಲ್ರೂ ಅದನ್ನೇ ಹೊಗಳ್ತೀರ." ಹನ್ನೊಂದು ವರ್ಷದ ಕತ್ತೆ!

ಸಂಜೆ ಪ್ರಾರ್ಥನೆಯಲ್ಲಿ ಎದ್ದು ನಿಂತು ಕ್ಷಮೆ ಕೇಳಿದಳು. ಮನೆಯ ನಿಯಮ ಅದು. ನೋವಾದವರು "ಕ್ಷಮಿಸಿದ್ದೀನಿ" ಅನ್ನಬೇಕು, ತಬ್ಬಿಕೊಳ್ಳಬೇಕು, ಆಮೇಲೆ ಊಟ. ಚಿಕ್ಕವಳು ಬಾಯಿಗೆ ಬೀಗ ಹಾಕಿ ಕೂತಳು. ಊಟ ಆರಿ ತಣ್ಣಗಾಯಿತು.

ಮಂಗಳವಾರ

ಇವತ್ತೂ ಚಿಕ್ಕವಳು ಹೇಳಲಿಲ್ಲ. ಅವಳ ಬಣ್ಣದ ಪೆಟ್ಟಿಗೆ ಕಿತ್ತಿಟ್ಟೆ. ಅಳಲೂ ಇಲ್ಲ.

"ನಾನಿನ್ನೂ ಕ್ಷಮಿಸಿಲ್ಲ ಅಮ್ಮ. ಕ್ಷಮಿಸಿದ್ದೀನಿ ಅಂದ್ರೆ ಸುಳ್ಳಾಗುತ್ತೆ. ಹೋದ ವಾರ ನೀನೇ ಅಲ್ವಾ ಹೇಳಿಕೊಟ್ಟಿದ್ದು?"

ಎಂಟು ವರ್ಷಕ್ಕೇ ವಕೀಲಿ! ಪಿತ್ತ ನೆತ್ತಿಗೇರಿತು. ಸ್ಕೂಲಿನಲ್ಲಿ ಕೆಟ್ಟ ಮಾತು ಕಲಿಯುತ್ತಾರೆಂದು ಕೆಲಸ ಬಿಟ್ಟು ಮನೆಯಲ್ಲೇ ಕಲಿಸುತ್ತಿರುವವಳು ನಾನು... ಇದಕ್ಕಾ?

ಇವರು ಬಂದು, "ಬಿಡೇ, ತಾನಾಗೇ ಹೇಳ್ತಾಳೆ" ಅಂದರು.

"ನೀವು ಗ್ಯಾರೇಜಿಂದ ಬಂದು ಕಾಲು ಚಾಚಿ ಉಪದೇಶ ಮಾಡಿ. ದಿನಾ ಒದ್ದಾಡೋಳು ನಾನು."

ಟವಲ್ ತೆಗೆದುಕೊಂಡು ಸ್ನಾನಕ್ಕೆ ಹೋದರು.

ಶುಕ್ರವಾರ, ಜೂನ್ 13

ನಡುವೆ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು.

ಪಾಸ್ಟರ್ ಹೆಂಡತಿ ಫೋನ್ ಮಾಡಿದ್ದರು. ಭಾನುವಾರ ಆರಾಧನೆ ಮುಗಿದ ಮೇಲೆ, ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಾಯಂದಿರ ಮುಂದೆ ನಾನು ಮಾತಾಡಬೇಕಂತೆ. ವಿಷಯ — ಕ್ಷಮೆ ಕಲಿಸುವುದು ಹೇಗೆ. ಇಬ್ಬರನ್ನೂ ಕರೆದುಕೊಂಡು! ಹೂಂ ಅಂದುಬಿಟ್ಟೆ.

ಫೋನ್ ಇಟ್ಟು ನೋಡಿದರೆ ಚಿಕ್ಕವಳು ಲೆಕ್ಕ ಬಿಟ್ಟು ಮೇಜಿನ ಕೆಳಗೆ ಕೂತು ನಾವೆ ಅಂಟಿಸುತ್ತಿದ್ದಾಳೆ.

"ಅಕ್ಕನಿಗೆ ಹೇಳ್ತೀಯೋ ಇಲ್ವೋ?"

"ಇಲ್ಲ."

ಕಿತ್ತುಕೊಂಡೆ. ಕಸದ ಬುಟ್ಟಿಗೆ ಹಾಕಿ ತುಳಿದೆ. ನಾನೂ ತುಳಿದೆ. ರಟ್ಟು ಮುರಿದ ಸದ್ದು ಇನ್ನೂ ಕಿವಿಯಲ್ಲಿದೆ.

ನಿಯಮ ನನಗೂ ಉಂಟಲ್ಲ. ಸಂಜೆ ಎದ್ದು ನಿಂತೆ. "ನಾವೆ ತುಳಿದಿದ್ದು ನನ್ ತಪ್ಪು. ನನ್ನನ್ನ—"

"ಕ್ಷಮಿಸಿದ್ದೀನಿ ಅಮ್ಮ." ದೊಡ್ಡವಳು! ತಟ್ಟೆ ನೋಡುತ್ತಲೇ ಅಂದಳು. ನನ್ನ ಮಾತು ಮುಗಿದಿರಲಿಲ್ಲ. ನಾವೆ ಅವಳದ್ದೂ ಅಲ್ಲ. ಹಾಜರಿ ಕೂಗಿದಾಗ 'ಎಸ್ ಮಿಸ್' ಅಂದ ಹಾಗಿತ್ತು. ಇಷ್ಟು ವರ್ಷ ಬಡಿದುಕೊಂಡು ಕಲಿಸಿದ್ದು ಇದನ್ನೇ... ನನ್ನ ಮೇಲೇ ಮೈ ಉರಿಯಿತು.

ಚಿಕ್ಕವಳು ನನ್ನನ್ನೇ ನೋಡುತ್ತಿದ್ದಳು. ತುಟಿ ಬಿಗಿ ಹಿಡಿದಿದ್ದಳು.

"ಹೇಳ್ಬೇಡ. ಊಟ ಮಾಡು" ಅಂದೆ.

ಶನಿವಾರ, ಬೆಳಿಗ್ಗೆ

ಪಾಸ್ಟರ್ ಹೆಂಡತಿಗೆ ಫೋನ್ ಮಾಡಿ ನಾಳೆ ಮಾತಾಡಲು ಆಗಲ್ಲ ಅಂದೆ.

"ಯಾಕಮ್ಮ, ಹುಷಾರಿಲ್ವಾ?"

"ಹುಷಾರಿದ್ದೀನಿ. ಕಲಿಸೋಕೆ ನನಗೇ ಬರಲ್ಲ."

ಬಣ್ಣದ ಪೆಟ್ಟಿಗೆ ವಾಪಸ್ ಕೊಟ್ಟೆ. ಬುಟ್ಟಿ ಮಗುಚಿ ರಟ್ಟಿನ ಚೂರು ಆರಿಸುತ್ತಾ ಕೂತೆ. ಒಂದೇ ಆನೆ ಸಿಕ್ಕಿತು. ಚಿಕ್ಕವಳು ಪಕ್ಕಕ್ಕೆ ಬಂದು ಕೂತಳು.

"ನಿನ್ ಮೇಲೂ ಕೋಪ ಇದೆ ನಂಗೆ."

"ಇರ್ಲಿ."

ಗೋಂದು ನನ್ನ ಕಡೆ ಸರಿಸಿದಳು.

ದೊಡ್ಡವಳು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಅಮ್ಮ... ನಂಗೂ ನಿನ್ ಮೇಲೆ ಕೋಪ ಇದೆ. ತುಂಬಾ ದಿನದಿಂದ. ಹೇಳ್ಬಹುದಾ?"

ಹೇಳು ಅಂದೆ. ಶುರು ಮಾಡಿದಳು. ಮೊದಲನೆಯದೇ, ತಂಗಿಯನ್ನು ಹೊಗಳುವಾಗ ನಾನು ಅವಳ ಕಡೆ ತಿರುಗಿಯೂ ನೋಡುವುದಿಲ್ಲ ಅನ್ನುವುದು.