ದಾಕ್ಷಾಯಣವ್ವನ ಡಬ್ಬಿಯ ಬೀಗ

ಬೆಟಗೇರಿ, ೨೧೩೧ನೇ ಇಸವಿ, ಹದಿಮೂರನೆಯ ತಿಂಗಳ ಒಂಬತ್ತನೇ ದಿನ

ದಾಕ್ಷಾಯಣವ್ವನವರಿಗೆ, ನಿಮ್ಮ ಮರಿಮೊಮ್ಮಗನ ಮಗಳು ಇಳಾ ಮಾಡುವ ಶರಣಾರ್ಥಿ.

ತಾರೀಖು ಕಂಡು ನೀವು ನಗಬಹುದು. ನನ್ನ ಒಂದೆರಡು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹದಿಮೂರನೆಯ ತಿಂಗಳಿಗೆ ನಾವು ಉರಿಮಾಸ ಎನ್ನುತ್ತೇವೆ. ನಿಮ್ಮ ಏಪ್ರಿಲ್, ಮೇಗಳಿಂದ ಹದಿನೈದು ಹದಿನೈದು ದಿನ ತೆಗೆದು ಮಾಡಿದ ತಿಂಗಳು ಅದು. ಆಗ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಊರಿನ ಕರೆಂಟೆಲ್ಲ ಮನೆಗಳನ್ನು ತಂಪಾಗಿಡಲು ಬೇಕಾಗುವುದರಿಂದ ಪಾಲುಹರಿವನ್ನೂ ಹಗಲು ನಿಲ್ಲಿಸುತ್ತಾರೆ. ಪಾಲುಹರಿವೆಂದರೆ ಸಿನಿಮಾ, ಹಾಡು, ಆಟಗಳನ್ನು ದೂರದಿಂದ ಮನೆಮನೆಗೆ ಕಳಿಸುವ ವ್ಯವಸ್ಥೆ. ಸ್ವಂತದ್ದೆಂದು ಯಾರ ಮನೆಯಲ್ಲೂ ಒಂದು ಹಾಡು ಕೂಡ ಇಲ್ಲ. ಹರಿವು ನಿಂತರೆ ಪರದೆ ಬರೀ ಗೋಡೆ. ಹೆಂಗಸರು ಶ್ಯಾವಿಗೆ ಹೊಸೆಯುತ್ತಾರೆ, ಮಕ್ಕಳು ಜಗಳವಾಡುತ್ತಾರೆ, ಉಳಿದವರು ಮಲಗಿ ಮೈ ನೋಯಿಸಿಕೊಳ್ಳುತ್ತಾರೆ.

ನನ್ನಪ್ಪ ಪ್ರಭುಲಿಂಗನವರಿಗೆ ಈಗ ಎಂಬತ್ತೊಂದು. ಅವರ ನೆನಪು ಸವೆದಿದೆ. ಬೆಳಗಾದರೆ ನನ್ನನ್ನು "ನೀವು ಯಾರ ಪೈಕಿ?" ಎಂದು ಕೇಳುತ್ತಾರೆ. ನಾನು ನಿಮ್ಮ ಪೈಕಿಯೇ ಎನ್ನುತ್ತೇನೆ. ಎಂಟು ಗಂಟೆಗೆ ಬಾಗಿಲು ಮುಚ್ಚಿದೊಡನೆ ಎದ್ದು ಚಪ್ಪಲಿ ಹುಡುಕುತ್ತಾ "ಮನಿಗೆ ಹೋಗ್ತೀನಿ, ಬಾಗಲಾ ತಗೀರಿ" ಎನ್ನುತ್ತಾರೆ. ಹೋದ ಉರಿಮಾಸದಲ್ಲಿ ನಮ್ಮ ಕಣ್ಣು ತಪ್ಪಿಸಿ ಹೋಗಿಯೇಬಿಟ್ಟಿದ್ದರು. ಓಣಿಯ ತುದಿಯಲ್ಲಿ ಸಿಕ್ಕಾಗ ಅಂಗಾಲು ಬೊಬ್ಬೆ ಎದ್ದಿತ್ತು, ಮೂರು ದಿನ ನಾಲಿಗೆ ಹೊರಳಲಿಲ್ಲ. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಕೋಣೆಗೆ ಬೀಗ ಹಾಕಿ ಎಂದರು ನೆರೆಯವರು. ಹೆತ್ತ ತಂದೆಯನ್ನು ಕೂಡಿಹಾಕುವ ಮಗಳು ನಾನಲ್ಲ. ಅವರೇ ಕೂರಬೇಕು, ಕೂರಿಸುವಂಥದ್ದು ಮನೆಯಲ್ಲೇ ಇರಬೇಕು ಎಂದು ಹಟ ಹಿಡಿದೆ.

ಹಾಗೆ ನೆನಪಾದದ್ದು ೨೦೨೬ರಲ್ಲಿ ಸಿನಿಮಾ, ಆಟಗಳನ್ನು ತುಂಬಿ ಪಡಸಾಲೆಯ ಟಿವಿಗೆ ನೀವು ಜೋಡಿಸಿದ ಡಬ್ಬಿ. ನೀವಿಟ್ಟ ಡಬ್ಬಿ ಎಂದೋ ಕೆಟ್ಟಿದೆ. ಅದರೊಳಗಿದ್ದುದನ್ನು ಮಾತ್ರ ಉಪ್ಪಿನಕಾಯಿಯನ್ನು ಹೊಸ ಭರಣಿಗೆ ತುಂಬುವಂತೆ ತಲೆಮಾರಿಗೊಮ್ಮೆ ಹೊಸ ಡಬ್ಬಿಗೆ ಇಳಿಸುತ್ತಾ ಬಂದಿದ್ದಾರೆ, ಬೀಗ ತೆಗೆಯದೆ. ಜೊತೆಗೆ ನಿಮ್ಮ ನೋಟುಬುಕ್ಕೂ ಉಳಿದಿದೆ. ಡಬ್ಬಿಯನ್ನು ಗೋಡೆಗೆ ಒತ್ತಿ ಇಡಬಾರದು, ಗಾಳಿ ಆಡಬೇಕು. ವೈಫೈ ನಂಬದೆ ವೈರನ್ನೇ ಹಾಕಬೇಕು. ಸಿನಿಮಾ ಒಂದು ಕಡೆ, ಆಟ ಒಂದು ಕಡೆ ಇರಬೇಕು. ಆಟದ ರಿಮೋಟು ಎರಡು ಬೇಕು, ಒಂದೇ ಇದ್ದರೆ ಮನೆ ರಣರಂಗ. ಎಷ್ಟು ಚೊಕ್ಕವಾಗಿ ಬರೆದಿದ್ದೀರಿ! ಆದರೆ ಕೊನೆಯ ಸಾಲು ಓದಿ ನಿಮ್ಮ ಮೇಲೆ ನನಗೆ ಸಿಟ್ಟೇ ಬಂತು: "ಪಾಸ್‌ವರ್ಡ್ ಬರ್ಯಾಂಗಿಲ್ಲ. ಮನ್ಯಾಗ ಎಲ್ಲಾರಿಗೂ ಗೊತ್ತೈತಿ."

ಯಾರಿಗೂ ಗೊತ್ತಿರಲಿಲ್ಲ, ಅವ್ವ. ಹತ್ತು ಸಲ ತಪ್ಪಿದರೆ ಡಬ್ಬಿ ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಬೇರೆ ಮಾಡಿದ್ದೀರಿ. ಎಂಟನ್ನು ಹಿರಿಯರು ಕಳೆದಿದ್ದರು. ಮನೆದೇವರ ಹೆಸರು ಹಾಕಿ ಒಂಬತ್ತನೆಯದನ್ನು ನಾನೇ ಕಳೆದೆ.

ಉಳಿದದ್ದು ಒಂದು. ಆದರೂ ಕೈ ಬಿಡಲಿಲ್ಲ. ಹಳೆಯ ವೈರುಗಳಿಗೆ ಹೊಂದುವ ಮೂತಿಗಳನ್ನು ಮಾಡಿಸಿದೆ, ಮಾಳಿಗೆಯ ಸೌರಹಾಳೆಯಿಂದ ಕರೆಂಟು ಎಳೆದೆ, ನಿಮ್ಮ ಪುಸ್ತಕ ಮುಂದಿಟ್ಟುಕೊಂಡು ಎಲ್ಲವನ್ನೂ ಮೊದಲಿನಿಂದ ಜೋಡಿಸಿದೆ. ನಿನ್ನೆ ಬೆಳಿಗ್ಗೆ ಅದು ಮುಗಿಯಿತು. ನಿಮ್ಮ ಮೊದಲ ಸಾಲನ್ನು ಮಾತ್ರ ಬಿಟ್ಟಿದ್ದೆ. ಹೊಸ ಮಿಷಿನ್ನಿಗೆ ವಿಭೂತಿ ಹಚ್ಚಬೇಕು, ಗಾಳಿಯ ತೂತಿಗೆ ತಾಕಿಸಬಾರದು ಎಂಬ ಸಾಲು ಅದು. ಇಷ್ಟು ಮಾಡಿದ್ದೇನೆ, ಅದೂ ಆಗಲಿ ಎಂದು ಮೂರು ಬೆರಳಿನಿಂದ ವಿಭೂತಿ ಎಳೆದೆ. ಆಗಲೇ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತಿದ್ದ ಅಪ್ಪ ನನ್ನ ಕೈಯನ್ನೇ ನೋಡಿದರು. ಆಮೇಲೆ ಮಗ್ಗಿ ಒಪ್ಪಿಸುವವರ ರಾಗದಲ್ಲಿ ಹೇಳಿದರು: "ಗೌರಿ, ಕೆಂಚಿ, ಕುಂಟಿ, ಹಿರ್ಯಾಕಿ, ಬಾಯಿಬಡಕಿ."

ಯಾರಿವರು ಎಂದು ಕೇಳಿದೆ.

"ನಮ್ಮ ಮಗ್ಗ. ಆಯಿ ಪೂಜಿ ಮಾಡುವಾಗ ಹೇಳ್ತಿದ್ದಳು. ಹೆಸರು ಹಿಡದು ಕರೀಲಿಲ್ಲಂದ್ರ ಮಿಷಿನ್ನಿಗೆ ಸಿಟ್ಟು ಬರತೈತಿ."

ಆಯಿ ಎಂದರೆ ನೀವು, ಆ ಐದೂ ನೀವು ನೇಯುತ್ತಿದ್ದ ಮಗ್ಗಗಳ ಹೆಸರು. ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ ಎಂದು ನೀವು ಬರೆದದ್ದು ಇದನ್ನೇ ಇರಬೇಕು ಎನಿಸಿತು. ಐದು ಹೆಸರುಗಳನ್ನೂ ಅದೇ ಕ್ರಮದಲ್ಲಿ ಒತ್ತಿದೆ. ಬೀಗ ತೆರೆಯಿತು.

ಒಳಗೆ ಸಿನಿಮಾಗಳಿದ್ದವು, ಮದುವೆಯ ವಿಡಿಯೊಗಳಿದ್ದವು, ಒಂದು ಕೇರಂ ಆಟವಿತ್ತು. ಆಡುವವರ ಪಟ್ಟಿಯಲ್ಲಿ ಎರಡೇ ಹೆಸರು: ಆಯಿ, ಪಬ್ಯಾ. ನೀವು ಪಬ್ಯಾ ಎಂದು ಕರೆಯುತ್ತಿದ್ದ ಅಪ್ಪ ಚಪ್ಪಲಿ ಬಿಚ್ಚಿದರು. ಒಂದು ರಿಮೋಟು ತಾವು ಹಿಡಿದು ಇನ್ನೊಂದನ್ನು ನನ್ನ ಕಡೆ ಚಾಚಿದರು. ಸಂಜೆ ಆರರವರೆಗೆ ಆಡಿದೆವು. ಅವರೇ ಗೆದ್ದರು. ಇಂದೂ ಚಪ್ಪಲಿ ಬಾಗಿಲ ಬಳಿ ಹಾಗೆಯೇ ಬಿದ್ದಿದೆ.

ನಿಮ್ಮ ಪುಸ್ತಕದ ಕೊನೆಯ ಸಾಲಿನ ಕೆಳಗೆ ಆ ಐದು ಹೆಸರುಗಳನ್ನು ಬರೆದಿದ್ದೇನೆ. ನನ್ನ ಮೊಮ್ಮಕ್ಕಳಿಗೆ ಬಾಯಿಪಾಠವನ್ನೂ ಮಾಡಿಸುತ್ತೇನೆ, ಬೇಡವೆಂದರೂ ಬಿಡುವುದಿಲ್ಲ. ನಿಮ್ಮಿಂದ ನನಗೆ ಆಗಬೇಕಾದದ್ದು ಒಂದೇ. ೨೦೫೦ರಲ್ಲಿ ಮನೆಯಲ್ಲಿ ಒಂದು ಗಂಡುಮಗು ಹುಟ್ಟುತ್ತದೆ. ಅಷ್ಟರಲ್ಲಿ ಮಗ್ಗಗಳು ಇರುವುದಿಲ್ಲ. ಇಲ್ಲದ ಮಗ್ಗಗಳ ಹೆಸರು ಇನ್ನೂ ಯಾಕೆ ಎಂದು ಮನೆಯವರು ನಗುತ್ತಾರೆ. ನಗಲಿ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ವರ್ಷವರ್ಷವೂ ಗಟ್ಟಿಯಾಗಿ ಹೇಳಿ. ಅವನು ಮುಂದೆ ನನ್ನ ಹೆಸರನ್ನು ಮರೆಯುತ್ತಾನೆ. ಅದನ್ನು ನಾನು ತಾಳಿಕೊಳ್ಳುತ್ತೇನೆ. ಆ ಐದನ್ನು ಮಾತ್ರ ಮರೆಯದ ಹಾಗೆ ಕಲಿಸಿ.

ನಿಮ್ಮ ಪೈಕಿಯವಳು,
ಇಳಾ