ಟಾರ್ಚ್ ಹಿಡಿಯುವವಳು ಊರಲ್ಲಿಲ್ಲ

ರೀ,

ಅಕ್ಕನ ಮಗಳ ಮದುವೆಗೆ ಬೆಟ್ಟದಾಚೆ ನಿಜ್ವಾ ಊರಿಗೆ ಹೊರಟೆ. ‘ನೀನು ಹೋದ್ರೆ ಬೆಳಗಿನ ಜಾವ ಪಿಕಪ್ ಹಿಂದೆ ಟಾರ್ಚ್ ಹಿಡಿಯೋರ್ಯಾರು, ಕತ್ತಲಲ್ಲಿ ಗಾಡಿ ಹಿಂದಕ್ಕೆ ಬಿಟ್ಟು ದೋಣಿ ನೀರಿಗಿಳಿಸೋದು ಹೇಗೆ’ ಅಂತ ಆರು ವರ್ಷ ಎಲ್ಲಿಗೂ ಕಳಿಸಲಿಲ್ಲ, ಅಲ್ವಾ? ಈಗ ರಿವರ್ಸ್ ಗೇರ್ ಹಾಕಿ ನೋಡಿ! ಹಿಂದೆ ಎರಡು ದೀಪ ತಾವಾಗೇ ಹತ್ತಿಕೊಂಡು ಸಮುದ್ರದ ತನಕ ಬೆಳಕು ಚೆಲ್ತವೆ. ವೈರ್ ಎಳೆದು ಫ್ಯೂಸ್ ಹಾಕಿದ್ದು ನಾನೇ. ‘ಮೀನು ಕೊಯ್ಯೋ ಕೈಗೆ ಇದೆಲ್ಲ ಯಾಕೆ’ ಅಂದಿದ್ರಲ್ಲ, ಅದೇ ಕೈ!

ದೀಪ ಮುಳುಗೋವಷ್ಟು ಗಾಡಿ ನೀರಿಗೆ ಇಳಿಸಬೇಡಿ.

ಕಾಫಿ ಫ್ಲಾಸ್ಕಲ್ಲಿದೆ, ಖರ್ಜೂರ ಡಬ್ಬೀಲಿ.

ಟಾರ್ಚ್ ನಾನೇ ತಗೊಂಡು ಹೋಗ್ತಿದೀನಿ. ಶನಿವಾರ ಬರ್ತೀನಿ. ಅದಕ್ಕೂ ಮುಂಚೆ ಕರೆಸ್ಕೊಳ್ಳೋಕೆ ಇನ್ನು ಟಾರ್ಚಿನ ನೆಪ ನಡೆಯಲ್ಲ. ‘ನೀನಿಲ್ದೆ ಬೇಜಾರಾಗ್ತಿದೆ’ ಅಂತ ಬಾಯಿಬಿಟ್ಟು ಹೇಳಿ.

ನಿಮ್ಮ ಹೆಂಡ್ತಿ ರಾಯಾ